ಒರೆಸಬಾರದ ಗಾಜು

ಆರ್.ಟಿ. ನಗರದ ಹಿಂದಿನ ಬೀದಿಗೆ ಇನ್ನೂ ಹಾಲಿನ ಗಾಡಿ ಬಂದಿಲ್ಲ. ಫೋಟೋ ಫ್ರೇಮ್ ಅಂಗಡಿಯ ಷಟರ್ ಅರ್ಧ ಎತ್ತಿದೆ. ಒಳಗೆ ಜಾಫರ್ ಕಂಬಳಿ ಹಾಸಿದ ಮೇಜಿನ ಮೇಲೆ ದೊಡ್ಡದೊಂದು ಗಾಜನ್ನು ಇಳಿಸುತ್ತಿದ್ದಾರೆ. ಗಾಜು ಕಂಬಳಿ ಮುಟ್ಟಿದ ಮೇಲೆಯೇ ಅವರು ಉಸಿರು ಬಿಡುವುದು. ಹೆಂಡತಿ ಗಜಾಲಾ ಅಂಗಡಿಯ ಒದ್ದೆ ಬಟ್ಟೆಗಳನ್ನೆಲ್ಲ ಬಕೆಟ್ಟಿಗೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಾರೆ. ಅವರು ಕಾಯುತ್ತಿರುವುದು ಗಂಡನ ಬಲಗೈಯನ್ನು.

ಮದುವೆ ಫೋಟೋ, ದೇವರ ಪಟ, ಮಕ್ಕಳ ಸರ್ಟಿಫಿಕೇಟ್, ದಿನಕ್ಕೆ ಹತ್ತಾದರೂ ಜಾಫರ್ ಕೈಯಲ್ಲಿ ಕಟ್ಟು ಹಾಕಿಸಿಕೊಂಡು ಹೋಗುತ್ತವೆ. ಕಟ್ಟು ಹಾಕುವ ಮೊದಲು ಗಾಜಿನ ಎರಡೂ ಬದಿ ಒರೆಸಬೇಕು, ಅದು ಕಸುಬಿನ ಮೊದಲ ಪಾಠ. "ಕೈ ತಾನಾಗೇ ಹೋಗುತ್ತೆ ಸಾರ್, ನನ್ನ ಕೇಳೋದೇ ಇಲ್ಲ," ಎಂದು ಪಕ್ಕದಲ್ಲಿ ಕೂತ ನನಗೆ ಹೇಳುತ್ತಾರೆ.

ಈ ವಾರ ಆ ಕೈಯೇ ಅವರನ್ನು ಹೆದರಿಸುತ್ತಿದೆ. ಸಹಕಾರನಗರದ ಕಲಾವಿದೆ ಸ್ನೇಹಾ ಅವರ ಏಕವ್ಯಕ್ತಿ ಪ್ರದರ್ಶನ ಶನಿವಾರ ಶುರು. ಅರಮನೆಗಳ ಕಾಲದ ಗಾಜಿನ ಚಿತ್ರಗಳನ್ನು ಅವರು ತಮ್ಮದೇ ರೀತಿಯಲ್ಲಿ ಮತ್ತೆ ಬರೆದಿದ್ದಾರೆ. ಅವಕ್ಕೆ ಕಟ್ಟು ಹಾಕುವ ಕೆಲಸ ಜಾಫರ್ ಅವರದು. ರಾಜ ರಾಣಿಯರು ಮೂಲೆ ಸೇರಿದ್ದಾರೆ. ಬೀಸಣಿಗೆ ಬೀಸುವವಳು, ಎಲೆ ಅಡಿಕೆ ತಟ್ಟೆ ಹಿಡಿದವಳು ನಡುವೆ ಬಂದಿದ್ದಾರೆ. ಬಣ್ಣವೆಲ್ಲ ಗಾಜಿನ ಹಿಂಬದಿಗಿದೆ, ನೋಡುವುದು ಮುಂದಿನಿಂದ. ಗೋಂದಿನಲ್ಲಿ ಕಲಸಿದ ಬಣ್ಣವಾದ್ದರಿಂದ ಹಿಂಬದಿಗೆ ತೇವ ತಾಗಿದರೆ ಬರೆದ ಮುಖವೇ ಕಿತ್ತು ಬರುತ್ತದೆ. ಸ್ನೇಹಾ ಅವರ ಎರಡು ವರ್ಷದ ಕೆಲಸ.

ಗಾಜು ಕೊಯ್ದು ಕೊಯ್ದು ಜಾಫರ್ ಬೆರಳ ತುದಿಗಳು ಜಡ್ಡುಗಟ್ಟಿವೆ. "ಮುಟ್ಟಿದ್ದೀನೋ ಇಲ್ವೋ ಅಂತಾನೂ ಗೊತ್ತಾಗಲ್ಲ. ಕನಸಲ್ಲೂ ಒರೆಸ್ತಾನೇ ಇರ್ತೀನಿ."

"ಕನಸಂತೆ! ಮೊನ್ನೆ ನನ್ನ ಮುಖಾನೇ ಒರೆಸಿದ್ರು," ಗಜಾಲಾ ನಗುತ್ತಾರೆ. ಕಣ್ಣು ಮಾತ್ರ ಆ ಕೈ ಮೇಲೇ ಇದೆ.

ಬೇಡ ಎನ್ನಬಹುದಿತ್ತಲ್ಲ ಎಂದು ಕೇಳುತ್ತೇನೆ. "ಸ್ನೇಹಾ ಮೇಡಂ ತಾಯಿ ಫೋಟೋಗೆ ಕಟ್ಟು ಹಾಕಿದ್ದು ನಾನೇ ಸಾರ್. ನಂಬ್ಕೊಂಡು ಬಂದ್ರು. ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ."

ಈಗ ಮೇಜಿನ ಮೇಲಿರುವುದು ಬೀಸಣಿಗೆಯವಳು. ಅವಳ ಕೆನ್ನೆಯ ಮೇಲೊಂದು ಬಿಳಿ ಚುಕ್ಕೆ. ಜಾಫರ್ ಮುಂಬದಿಯನ್ನು ಒಣ ಬಟ್ಟೆಯಲ್ಲಿ ಉಜ್ಜುತ್ತಾರೆ. ಹೋಗುವುದಿಲ್ಲ. ಮುಂದಿಲ್ಲದ ಧೂಳು ಹಿಂದಿರಲೇಬೇಕು. ಗಾಜು ಮಗುಚುತ್ತಾರೆ. ಹೆಬ್ಬೆರಳು ನಾಲಿಗೆಗೆ ಹೋಗಿ ಒದ್ದೆಯಾಗಿ ಬಣ್ಣದತ್ತ ಇಳಿಯುತ್ತದೆ.

"ನಕ್ಕೋ ಜೀ! ಬೇಡ!"

ಗಜಾಲಾ ಕೂಗಿಗೆ ಬೀದಿಯ ನಾಯಿ ಎದ್ದು ಬೊಗಳುತ್ತದೆ. ಬೆರಳು ಬಣ್ಣಕ್ಕೆ ಕೂದಲೆಳೆ ದೂರದಲ್ಲಿ ನಿಂತಿದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೂ ಜಾಫರ್‌ಗೆ ಧೈರ್ಯ ಬರುತ್ತಿಲ್ಲ. ಗಜಾಲಾ ಮಣಿಕಟ್ಟು ಹಿಡಿದು ಮೆಲ್ಲಗೆ ಎತ್ತುತ್ತಾರೆ.

ಸ್ನೇಹಾಗೆ ಫೋನ್ ಮಾಡಿ ಚುಕ್ಕೆಯ ವಿಷಯ ಹೇಳಿದರೆ ನಿದ್ದೆಗಣ್ಣಿನ ದನಿ ಒಮ್ಮೆಗೇ ಎಚ್ಚರವಾಗುತ್ತದೆ. "ಜಾಫರ್ ಭಾಯ್, ಮುಟ್ಟಬೇಡಿ! ಅದು ಅವಳ ಬೆವರು. ಹಳೇ ಚಿತ್ರಗಳಲ್ಲಿ ಬೀಸಣಿಗೆ ಬೀಸೋರಿಗೆ ಬೆವರೇ ಬರ್ತಿರ್ಲಿಲ್ಲ. ನಾನು ಬರೆದಿದ್ದೀನಿ."

ಜಾಫರ್ ಸ್ಟೂಲಿನ ಮೇಲೆ ಕೂರುತ್ತಾರೆ. ಹಿಂಬದಿಗೆ ಹಲಗೆ ಕೂರಿಸಿ ಮೊಳೆ ಹೊಡೆಯಬೇಕು, ಆದರೆ ಸುತ್ತಿಗೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಗಜಾಲಾ ಚಹಾ ತರುತ್ತಾರೆ.

"ಅವಳ ಬೆವರನ್ನ ನಾನೂ ಧೂಳು ಅಂದ್ಕೊಂಡೆ ನೋಡಿ," ಎಂದು ಆಮೇಲೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ಶನಿವಾರ ಗಜಾಲಾನ್ನ ಪ್ರದರ್ಶನಕ್ಕೆ ಕರ್ಕೊಂಡು ಹೋಗ್ತೀನಿ ಸಾರ್. ಒಂದ್ ಮೂಲೇಲಿ ನಿಂತ್ಕೋತೀವಿ. ಬಂದೋರಲ್ಲಿ ಯಾರಾದ್ರೂ ಒಬ್ಬರು ಅದು ಬೆವರು ಅಂದ್ರೆ ಸಾಕು, ಮನೆಗೆ ಬಂದು ನಿದ್ದೆ ಮಾಡ್ತೀನಿ."