ಇಟ್ಟೂಪನಿಗೆ ಸಾಲದ ಗೋರಿ

ನನ್ನ ಅಕ್ಕ ಎಲಿಯಮ್ಮನ ಗಂಡ ಉಲಹನ್ನಾನ್ ಭಾವ ನಮ್ಮ ಇಗರ್ಜಿಯಲ್ಲಿ ಗೋರಿ ತೋಡುವವರು. ಹೊಳೆಯ ಈ ದಡದಲ್ಲಿ ಸತ್ತವರನ್ನೆಲ್ಲ ಮಣ್ಣು ಮಾಡಿದ್ದು ಅವರೇ. ಹೊತ್ತಿಗೆ ಬೇಯಿಸಿದ ಮರಗೆಣಸು, ಒಂದಿಷ್ಟು ಮೀನುಸಾರು ಸಿಕ್ಕರೆ ಸಾಕು, ದೇವರಿಗೆ ಸ್ತೋತ್ರ ಎಂದು ಕೈ ತೊಳೆಯುತ್ತಿದ್ದರು. ಅವರ ಆ ತೃಪ್ತಿ ಕಂಡರೆ ನನಗೆ ಮೈ ಉರಿಯುತ್ತಿತ್ತು.

ನಮ್ಮಂಥವರಿಗೆ ಸ್ಮಶಾನದಲ್ಲಿ ಸ್ವಂತ ಜಾಗವಿಲ್ಲ. ಕೆಲವು ವರ್ಷ ಕಳೆದರೆ ಗೋರಿ ಬಿಚ್ಚಿ, ಮೂಳೆಗಳನ್ನು ಮೂಲೆಯ ಬಾವಿಗೆ ಹಾಕುತ್ತಾರೆ. ಗುಂಡಿ ಮತ್ತೊಬ್ಬರಿಗೆ. ಆ ಜಾಗ ಯಾವ ಮನೆಗೆ ಬೇಕೋ ಆ ಮನೆಯ ಯಜಮಾನ ಅಂಚಿನಲ್ಲಿ ನಿಂತು, ಬಿಳಿ ಬಟ್ಟೆಯಲ್ಲಿ ಮೂಳೆಗಳನ್ನು ಕೈಯಾರೆ ತೆಗೆದುಕೊಳ್ಳಬೇಕು. ಅಜ್ಜಂದಿರ ಕಾಲದ ಕಟ್ಟಳೆ ಅದು. ನನ್ನದೇನೂ ತಕರಾರಿಲ್ಲ, ನಮ್ಮ ಅಮ್ಮನೂ ಆ ಬಾವಿಯಲ್ಲೇ ಇದ್ದಾಳೆ.

ನನ್ನ ತಕರಾರು ಊರಿನ ಧಣಿ ಇಟ್ಟೂಪ್ ಮೊದಲಾಳಿಯ ಮೇಲೆ. ಕಲ್ಲುಕ್ವಾರಿ ಅವನದು, ಗುಡ್ಡದ ರಬ್ಬರ್ ತೋಟವೆಲ್ಲ ಅವನದು. ಇಡೀ ಕುಟುಂಬಕ್ಕೆಂದು ಕಟ್ಟಿಸಿದ ಅಮೃತಶಿಲೆಯ ಗೋರಿಯೊಳಗೆ ಅವನಪ್ಪ ಒಬ್ಬನೇ ಕಾಲು ಚಾಚಿ ಮಲಗಿದ್ದಾನೆ. ಆದರೂ ಸಾಲದಂತೆ, ಪಕ್ಕದಲ್ಲಿ ಇನ್ನೊಂದು ಬೇಕಂತೆ. ಆ ಪಕ್ಕದಲ್ಲಿ ನನ್ನ ಅಕ್ಕ ಮಲಗಿ ವರ್ಷ ಕೂಡ ತುಂಬಿರಲಿಲ್ಲ. ಅವನು ಇಗರ್ಜಿಗೆ ಗಂಟೆಗೋಪುರ ಕಟ್ಟಿಸಿಕೊಡುತ್ತೇನೆ ಎಂದದ್ದೇ ತಡ, ಕಮಿಟಿಯವರು ಬಾಲ ಅಲ್ಲಾಡಿಸಿಕೊಂಡು ಒಪ್ಪಿದರು. ಥೂ, ಇವರ ಜನ್ಮಕ್ಕಿಷ್ಟು.

ಭಾವನನ್ನು ಒಪ್ಪಿಸಲು ಪಾದ್ರಿ ಮನೆಗೆ ಬಂದರು. ನಾನು ಕೊಟ್ಟ ಕರಿಚಹಾ ಕುಡಿಯುತ್ತ, ಲೋಕಕ್ಕೆ ಬರುವಾಗ ಏನೂ ತರಲಿಲ್ಲ, ಹೋಗುವಾಗ ಏನೂ ಒಯ್ಯುವುದಿಲ್ಲ, ಇದ್ದುದರಲ್ಲಿ ತೃಪ್ತಿ ಪಡಬೇಕು ಎಂದು ಉಪದೇಶಿಸಿದರು. ಯಾರಿಗೆ? ಹೆಂಡತಿಯ ಗೋರಿಯೊಂದು ಬಿಟ್ಟರೆ ಬೇರೇನೂ ಇಲ್ಲದವನಿಗೆ!

ಭಾವ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. "ತೃಪ್ತಿ ನನ್ನ ಹತ್ರ ಬೇಕಾದಷ್ಟಿದೆ ಅಚ್ಚೋ," ಎಂದರು. "ಅದು ಇಲ್ಲದೋರ ಮನೆ ಅಗೋ, ಗುಡ್ಡದ ಮೇಲಿದೆ. ಅಲ್ಲಿ ಹೋಗಿ ಹೇಳಿ."

ಪಾದ್ರಿ ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಆದರೂ ದಿನ ಗೊತ್ತಾಯಿತು. ತಾನೇ ತೋಡುತ್ತೇನೆ ಎಂದು ಭಾವ ಗುದ್ದಲಿ ಹೆಗಲಿಗೇರಿಸಿದಾಗ ನಾನು ಬಾಯಿಗೆ ಬಂದಂತೆ ಬೈದೆ. ಕಟ್ಟಿಕೊಂಡವಳ ಗೋರಿಗೆ ಕೈ ಹಾಕುವ ನೀವೂ ಒಬ್ಬ ಗಂಡಸೇ ಎಂದೆ.

"ನಾನು ಒಲ್ಲೆ ಅಂದ್ರೆ ಹೊರಗಿನೋರನ್ನ ಕರೆಸ್ತಾರೆ ತ್ರೇಸ್ಯಾ. ಅವರಿಗೆ ನಮ್ಮ ಕಟ್ಟಳೆ ಗೊತ್ತಿಲ್ಲ," ಎಂದಷ್ಟೇ ಹೇಳಿ ಹೊರಟರು.

ಪೂಜೆ ಮುಗಿಸಿ ಊರೇ ಸ್ಮಶಾನಕ್ಕೆ ಬಂದಿತ್ತು. ಭಾವ ಅಕ್ಕನ ಗೋರಿಯಂಚಿನಲ್ಲಿ ನಿಂತು, ಬಂದು ಮೂಳೆಗೆ ಬಟ್ಟೆ ಹಿಡಿಯಿರಿ ಎಂದು ಇಟ್ಟೂಪನನ್ನು ಕರೆದರು. ತನ್ನ ಆಳು ಹಿಡಿಯುತ್ತಾನೆ ಎಂದ ಅವನು.

"ಆಳು ಹಿಡಿದ್ರೆ ಗೋರಿಯೂ ಆಳಿಗೇ ಸೇರುತ್ತೆ, ಮೊದಲಾಳಿ."

ಜನ ಕಿಸಕ್ಕೆಂದು ನಕ್ಕರು. ಮುಖ ಕೆಂಪಗಾಗಿ ಇಟ್ಟೂಪ್ ಮುಂದೆ ಬಂದ. ಹೆಗಲಿನ ಜರಿಯಂಚಿನ ಬಿಳಿ ಶಲ್ಯವನ್ನು ಬಿಚ್ಚಿ ಹಿಡಿದ. ಭಾವ ತೋಡತೊಡಗಿದರು. ಸ್ವಲ್ಪ ಹೊತ್ತಿಗೆ ಗುದ್ದಲಿ ಮರಕ್ಕೆ ಬಡಿದ ಸದ್ದು ಎಲ್ಲರಿಗೂ ಕೇಳಿಸಿತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಭಾವ ತಲೆ ಎತ್ತಿ ಮೆಲ್ಲಗೆ ಹೇಳಿದರು. "ಇನ್ನೂ ಮೂಳೆ ಆಗಿಲ್ಲ. ಎಲಿಯಮ್ಮ ಎಲಿಯಮ್ಮನೇ ಆಗಿ ಇದ್ದಾಳೆ. ಕೈ ನೀಡಿ, ಕೊಡ್ತೀನಿ."

ಇಟ್ಟೂಪನ ಕೈಯಿಂದ ಶಲ್ಯ ಜಾರಿ ಗುಂಡಿಗೆ ಬಿತ್ತು. ಅವನು ತಿರುಗಿಯೂ ನೋಡದೆ ಹೋದ. ಪಾದ್ರಿಯೂ ಹೋದರು, ಕಮಿಟಿಯೂ ಕರಗಿತು. ಭಾವ ಶಲ್ಯವನ್ನು ಮೇಲಕ್ಕೆ ಎಸೆದು, ಒಂದೊಂದೇ ಹಿಡಿ ಮಣ್ಣನ್ನು ಕೈಯಲ್ಲೇ ಎಳೆದು ಅಕ್ಕನ ಮೇಲೆ ಮುಚ್ಚಿದರು. ಅಳುತ್ತಿದ್ದರು. ಅಕ್ಕ ಸತ್ತ ದಿನವೂ ಅವರು ಹಾಗೆ ಅತ್ತಿರಲಿಲ್ಲ.

ಆ ಶಲ್ಯವನ್ನು ಒಗೆದು, ಒಣಗಿಸಿ, ಮಡಿಸಿ ಮರುದಿನ ನನ್ನ ಕೈಗಿಟ್ಟರು. ನಮ್ಮದಲ್ಲದ್ದು ನಮಗೇಕೆ, ಕೊಟ್ಟು ಬಾ ಎಂದರು. ನಾನು ಗುಡ್ಡ ಹತ್ತಿದೆ. ಇಟ್ಟೂಪನ ಗೇಟಿನ ಮುಂದಿನ ಕೆಸರಿನಲ್ಲಿ ಅದನ್ನು ಚೆನ್ನಾಗಿ ತುಳಿದು, ಒಳಕ್ಕೆ ಎಸೆದು ಬಂದೆ. ಭಾವನಷ್ಟು ತೃಪ್ತಿ ನನಗಿನ್ನೂ ಬಂದಿಲ್ಲ.