ಎರಡು ಎಂಟು ಒಡೆಯದ ಮೇಷ್ಟ್ರು

ಸಿಂಗಾಪುರದ ಟ್ಯಾಂಪಿನೀಸ್‌ನ ಅಂಗಡಿಯಲ್ಲಿ ಬೆವರುಸಾಲೆ ಪೌಡರಿನ ಡಬ್ಬಿ ಮೂಸಿದಾಗ ಇಸ್ಪೀಟೆಲೆ ನೆನಪಾಯಿತು. ನಮ್ಮ ಬ್ಲಾಕಿನ ಗಣಿತದ ಮೇಷ್ಟ್ರು ಎಲೆಗಳು ಅಂಟದಿರಲೆಂದು ಅದನ್ನೇ ಸವರುತ್ತಿದ್ದರು. ಪ್ರತಿ ಶನಿವಾರ ಕಟ್ಟಡದಡಿಯ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನ ಕಲ್ಲುಮೇಜಿನಲ್ಲಿ ಕನ್ನಡದ ಮಕ್ಕಳಿಗೆ ಪಾಠ, ಸಂಭವನೀಯತೆ ಕಲಿಸಲು ಇಸ್ಪೀಟು. ನನ್ನ ಮಗಳೂ ಅಲ್ಲಿದ್ದಳು. ಆ ಮೇಜು ಹಸಿರೋ ಬೂದಿಯೋ... ಬಿಡಿ, ನೆನಪು ತನಗೆ ಬೇಕಾದ ಬಣ್ಣ ಬಳಿಯುತ್ತದೆ.

ಆದರೆ ಆ ದೀಪಾವಳಿ ನೆನಪಿದೆ. ಸಿಟ್ಟು ಇನ್ನೂ ಆರಿಲ್ಲ. ಸೆಂಗ್‌ಕಾಂಗಿನ ಗೆಳೆಯರೊಬ್ಬರ ಮನೆಯಲ್ಲಿ ಗೋಡಂಬಿ ಪಣವಿಟ್ಟು ಬ್ಲ್ಯಾಕ್‌ಜಾಕ್ ಆಡುತ್ತಿದ್ದೆವು; ಎಲೆಗಳ ಮೊತ್ತ ಇಪ್ಪತ್ತೊಂದು ಮೀರದೆ ಅದಕ್ಕೆ ಹತ್ತಿರವಾದವರು ಗೆದ್ದಂತೆ. ಮೇಷ್ಟ್ರಿಗೆ ಎರಡು ಎಂಟು ಬಂದವು. ಎಲೆ ಹಂಚುತ್ತಿದ್ದ ಮನೆಯೊಡೆಯನ ಮುಂದೆ ಒಂದು ಎಕ್ಕ. ಜೋಡಿ ಬಂದವರು ಇನ್ನೊಂದು ಪಣವಿಟ್ಟು ಅದನ್ನು ಎರಡು ಆಟವಾಗಿ ಒಡೆಯಬಹುದು.

“ಸ್ಪ್ಲಿಟ್ ಮಾಡಿ ಅಂಕಲ್, ಎಂಟನ್ನ ಯಾವಾಗ್ಲೂ ಸ್ಪ್ಲಿಟ್ ಮಾಡ್ಬೇಕಂತೆ,” ಎಂದ ಮನೆಯೊಡೆಯ.

“ನಿನ್ನ ಎರಡನೇ ಎಲೆ ಈಗ್ಲೇ ನೋಡ್ತೀಯಾ, ನಾವೆಲ್ಲ ಆಡಿದ್ಮೇಲಾ?” ಎಂದರು ಮೇಷ್ಟ್ರು.

“ಆಮೇಲೆ.”

“ಅದು ಹತ್ತು ಬಂದು ಎಕ್ಕದ ಜೊತೆ ಇಪ್ಪತ್ತೊಂದಾದ್ರೆ ನನ್ನ ಎರಡೂ ಪಣ ನಿಂದಾ?”

“ಎರಡೂ.”

“ಹಾಗಾದ್ರೆ ಒಡೆಯಲ್ಲ. ಮೊದಲೇ ನೋಡೋ ಆಟದಲ್ಲಿ ಒಡೆದ್ರೆ ನಷ್ಟ ಕಮ್ಮಿ. ಇಲ್ಲಿ ಒಡೆದ್ರೆ ಜಾಸ್ತಿ. ಎಂಟು ಅದೇ, ನಿಯಮ ಬೇರೆ.”

“ಕ್ಯಾಸಿನೋದಲ್ಲಿ ಟ್ಯೂಷನ್‌ಗೆ ಹೋಗಿದ್ರಾ ಅಂಕಲ್?” ಎಂದಳು ಒಬ್ಬ ತಾಯಿ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು... ಅಥವಾ ಅದನ್ನು ನನ್ನ ಸಮಾಧಾನಕ್ಕೆ ನಾನೇ ಸೇರಿಸಿಕೊಂಡೆನೋ.

ಮುಂದಿನ ಶನಿವಾರ ಮೂವರು ಮಕ್ಕಳು ಬರಲಿಲ್ಲ. ಊರಿಂದ ಬಂದ ನೆಂಟರಿಗೆ ಕ್ಯಾಸಿನೋ ತೋರಿಸುವ ನೆಪದಲ್ಲಿ ತಾವೇ ಮೇಜಿಗೆ ಕೂರುತ್ತಿದ್ದವರು, “ಜೂಜಾಡೋರ ಹತ್ರ ಮಕ್ಕಳನ್ನ ಬಿಡೋದು ಹೇಗೆ?” ಎಂದರು. ಮೇಷ್ಟ್ರು ಕ್ಯಾಸಿನೋ ಮೆಟ್ಟಿಲೇ ಹತ್ತಿದವರಲ್ಲ ಎಂದು ಬರೆಯಲು ಕೈ ತುರಿಸುತ್ತದೆ. ನನಗೆ ಗೊತ್ತಿಲ್ಲ. ಹತ್ತಿದ್ದರೇನಂತೆ? ಅವರ ಲೆಕ್ಕ ಸರಿಯಿತ್ತು. ನಿಯಮ ಕೇಳದೆ ಆಟಕ್ಕೆ ಕೂರಬೇಡಿ ಎಂದು ನಮ್ಮ ಮಕ್ಕಳಿಗೆ ಹೇಳಿದವರು ಅವರೊಬ್ಬರೇ.

ತಿಂಗಳೊಳಗೆ ತರಗತಿಯೇ ನಿಂತಿತು. ಕೊನೆಯದಾಗಿ ಮಗಳನ್ನು ಬಿಡಿಸಿದವಳು ನಾನು. “ಪರೀಕ್ಷೆ ಹತ್ತಿರ, ಸ್ವಲ್ಪ ದಿನ ಬ್ರೇಕ್” ಎಂದು ಮೆಸೇಜ್ ಹಾಕಿದೆ. ಯಾವ ಪರೀಕ್ಷೆಯೂ ಇರಲಿಲ್ಲ.

ಈ ವಾರ ಅವರು ತೀರಿಕೊಂಡರು. “ನಮ್ಮ ಮಕ್ಕಳ ಮಹಾಗುರು” ಎಂದು ಅದೇ ಮನೆಯೊಡೆಯ ವಾಟ್ಸಾಪ್ ಗುಂಪಿನಲ್ಲಿ ಬರೆದ. ಕೆಳಗೆ ಮುಗಿದ ಕೈಗಳ ಸಾಲು. ಮೈ ಉರಿಯಿತು. ಬೈದು ಬರೆಯಲು ಹೊರಟವಳು, ನನ್ನ ಹಳೆಯ ಮೆಸೇಜ್ ಹುಡುಕಿದೆ. ಅದರಡಿ ಅವರ ಉತ್ತರವಿತ್ತು:

“ಆಗಲಿ ಅಮ್ಮ. ಭಿನ್ನರಾಶಿಯಲ್ಲಿ ಆತುರ ಪಡ್ತಾಳೆ, ನಿಧಾನವಾಗಿ ಮಾಡಿಸಿ.”

ಅದಕ್ಕೆ ನಾನು ಏನೂ ಬರೆದಿರಲಿಲ್ಲ.