ಅಂಚಿನ ಕಲೆಗೆ ಕಾವಲು ನಿಂತ ಗೋಂದಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಹಳೆಯ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಆಗಲೇ ಒಲೆ ಕಾಯುತ್ತಿದೆ. ಒಲೆಯೆಂದರೆ ಅಂಗೈಯಗಲದ ಕರೆಂಟ್ ಒಲೆ. ಅದರ ಮೇಲೆ ನೀರಿನ ಪಾತ್ರೆ, ಆ ನೀರಿನೊಳಗೆ ಇನ್ನೊಂದು ಚಿಕ್ಕ ಪಾತ್ರೆ, ಅದರಲ್ಲಿ ಗೋದಿ ಹಿಟ್ಟಿನ ತಿಳಿ. ಐವತ್ತು ದಾಟಿದ ಹೆಂಗಸೊಬ್ಬರು ಸೆರಗು ಸಿಕ್ಕಿಸಿಕೊಂಡು ಮರದ ಸೌಟಿನಿಂದ ಅದನ್ನು ತಿರುವುತ್ತಿದ್ದಾರೆ. ಕೈ ನಿಂತರೆ ಗಂಟು ಕಟ್ಟುತ್ತದೆ, ಉರಿ ಹೆಚ್ಚಾದರೆ ತಳ ಹಿಡಿಯುತ್ತದೆ.

"ಮನೇಲಿ ಗಂಜಿ ಕಾಯಿಸಿದ್ರೆ ಅತ್ತೆ ಉಪ್ಪು ಕಮ್ಮಿ ಅಂತಾರೆ. ಇಲ್ಲಿ ಹಾಳೆಗಳು ಕುಡಿಯೋದು. ತುಟಿ ಪಿಟಕ್ಕನ್ನಲ್ಲ," ಎನ್ನುತ್ತಾರೆ. ನಗುವುದಿಲ್ಲ. ಈಚೆಗೆ ಅವರು ನಕ್ಕಿದ್ದನ್ನು ಕಂಡವರು ಕಡಿಮೆ.

ಅವರು ಹಸ್ತಪ್ರತಿ ದುರಸ್ತಿ ಮಾಡುವವರು. ಕಾವಲುಗಾರನಿಂದ ಹಿಡಿದು ಮುಖ್ಯಸ್ಥರವರೆಗೆ ಎಲ್ಲರ ಬಾಯಲ್ಲೂ ಗೋಂದಕ್ಕ. ಗೋಂದು ಬೇರೆ, ಹಿಟ್ಟಿನ ಅಂಟು ಬೇರೆ ಎಂದು ಮೊದಮೊದಲು ತಿದ್ದುತ್ತಿದ್ದರಂತೆ. ಈಗ ಬಿಟ್ಟಿದ್ದಾರೆ. ಹರಿದ ಹಾಳೆಗೆ ತೇಪೆ ಹಾಕುವುದು, ಸುಕ್ಕಾದದ್ದನ್ನು ತೇವ ಕೊಟ್ಟು ಬಿಡಿಸುವುದು, ಓದಲು ಬಂದ ವಿದ್ವಾಂಸರ ಪಕ್ಕ ಕೂತು ಪುಟ ತಿರುವಿ ಕೊಡುವುದು ಅವರ ಕೆಲಸ. ಇಲ್ಲಿ ಎಷ್ಟೇ ದೊಡ್ಡ ಪಂಡಿತರಾದರೂ ಪುಟಕ್ಕೆ ಕೈ ಹಚ್ಚುವಂತಿಲ್ಲ. ಬೆಳಗಿನ ಗಾಳಿಯಲ್ಲಿ ತೇವವಿರುವಾಗ ಹಳೆಯ ಹಸ್ತಪ್ರತಿಗಳ ಚರ್ಮದ ಹಾಳೆ ಹೇಳಿದ ಮಾತು ಕೇಳುತ್ತದೆ, ಬಿಸಿಲೇರಿದರೆ ಸೆಟೆದುಕೊಳ್ಳುತ್ತದೆ. ಹಾಗಾಗಿ ಕೋಳಿ ಕೂಗುವ ಹೊತ್ತಿಗೆ ಹಾಜರಿ.

ಈ ಕಸುಬಿಗೆ ಒಂದು ನೇಮವಿದೆ. ಇವತ್ತು ಅಂಟಿಸಿದ್ದನ್ನು ಮುಂದೆ ಬರುವವರು ಒಂದಿಷ್ಟು ನೀರು ತಾಗಿಸಿ ಬಿಡಿಸಲು ಬರಬೇಕು.

"ನಾನು ಮಾಡಿದ್ದು ಸರಿ ಇಲ್ಲ ಅಂತ ನಾಳೆ ಯಾರಿಗಾದ್ರೂ ಅನ್ನಿಸಬಹುದು. ಅವರಿಗೆ ಬಿಚ್ಚೋಕೆ ದಾರಿ ಇಡಬೇಕು. ಈ ಹಾಳೆಗೆ ನಾನೇ ಕೊನೆಯವಳು ಅಂದ್ಕೊಂಡೋರು ಈ ಕೆಲಸಕ್ಕೇ ಬರಬಾರದು."

ಹಾಗೆ ಅಂದುಕೊಂಡ ಇಬ್ಬರು ಅವರಿಗಿಂತ ಮುಂಚೆ ಬಂದುಹೋಗಿದ್ದಾರೆ. ಗೋಂದಕ್ಕನ ಸಿಟ್ಟಿನ ಕತೆ ಅಲ್ಲಿಂದ ಶುರುವಾಗುತ್ತದೆ.

ಕಬ್ಬಿಣದ ಕಪಾಟಿನಲ್ಲಿ ಬೈಬಲಿನ ಸುವಾರ್ತೆಯ ಒಂದು ಹಳೆಯ ಕೈಬರಹದ ಪ್ರತಿಯಿದೆ. ಅದರ ಒಂದು ಹಾಳೆಯಲ್ಲಿ, ಪರಪುರುಷನ ಜೊತೆ ಸಿಕ್ಕಿಬಿದ್ದಳೆಂದು ಹೆಂಗಸೊಬ್ಬಳನ್ನು ಜನ ಯೇಸುವಿನ ಮುಂದೆ ಎಳೆದು ತಂದ ಪ್ರಸಂಗ ಬರುತ್ತದೆ. ಪಾಪ ಮಾಡದವರು ಮೊದಲ ಕಲ್ಲು ಎಸೆಯಲಿ ಎಂದು ಯೇಸು ಹೇಳಿದಾಗ, ಕಲ್ಲು ಬೀರಲು ಬಂದವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುವ ಕತೆ. ಈ ಕತೆ ಬಹಳ ಹಳೆಯ ಎಷ್ಟೋ ಪ್ರತಿಗಳಲ್ಲಿ ಇಲ್ಲ. ಕೆಲವುಗಳಲ್ಲಿ ಬೇರೆ ಜಾಗದಲ್ಲಿದೆ. ಇನ್ನು ಕೆಲವುಗಳಲ್ಲಿ ಪಕ್ಕದ ಅಂಚಿನಲ್ಲಿ ಅನುಮಾನದ ಗುರುತು ಬಿದ್ದಿದೆ. ಇದು ಮೊದಲಿಂದ ಇದ್ದದ್ದೋ, ಆಮೇಲೆ ಯಾರೋ ಸೇರಿಸಿದ್ದೋ ಎಂದು ವಿದ್ವಾಂಸರು ತಲೆಮಾರುಗಳಿಂದ ಕಿತ್ತಾಡುತ್ತಿದ್ದಾರೆ. ಕಿತ್ತಾಡಲಿ. ಅದು ಅವರ ಕೆಲಸ, ಪ್ರಶ್ನೆಯೂ ಹುರುಳಿಲ್ಲದ್ದೇನಲ್ಲ.

ಇಲ್ಲಿನ ಹಾಳೆಯ ಅಂಚಿನಲ್ಲೂ ಅಂಥ ಒಂದು ಗುರುತು ಇತ್ತೆಂಬ ಮಾತಿತ್ತು. ನೂರು ವರ್ಷದ ಕೆಳಗೆ ಒಬ್ಬ ಪಂಡಿತ ಅದನ್ನು ಓದಲೇಬೇಕೆಂದು ಮಾಚಿಕಾಯಿ ಕಷಾಯ ಬಳಿದ. ಕಷಾಯ ತಾಗಿದರೆ ಮಾಸಿದ ಶಾಯಿ ಕೊಂಚ ಹೊತ್ತು ಕಪ್ಪಗೆ ಎದ್ದು ಕಾಣುತ್ತದೆ, ಆಮೇಲೆ ಆ ಜಾಗವೇ ಕಂದಿಹೋಗುತ್ತದೆ. ಆತ ಏನು ಕಂಡನೋ, ಯಾರಿಗೂ ಹೇಳದೆ ಸತ್ತ. ಉಳಿದದ್ದು ಅಂಗೈಯಷ್ಟು ಕಲೆ. ಮುಂದೆ ಕಲೆ ಬಿರಿಯತೊಡಗಿತು. ಯಾರೋ ದೊಡ್ಡವರು ನೋಡಲು ಬರುತ್ತಾರೆಂದು ಅವಸರಕ್ಕೆ ಬಿದ್ದ ಇನ್ನೊಬ್ಬ ಪುಣ್ಯಾತ್ಮ ಅದರ ಮೇಲೆ ತೆಳು ರೇಷ್ಮೆ ಬಟ್ಟೆ ಹಾಸಿ, ಅಂಗಡಿಯಿಂದ ತಂದ ಗಟ್ಟಿ ಅಂಟು ಸವರಿ ಒತ್ತಿಬಿಟ್ಟ. ನೀರಿಗೆ ಜಗ್ಗದ ಅಂಟು.

ಈಗ ಆ ರೇಷ್ಮೆ ಕಿತ್ತು ಕೆಳಗೆ ಏನಿದೆ ತೋರಿಸು ಎಂದು ಗೋಂದಕ್ಕನಿಗೆ ಹೇಳಿದ್ದಾರೆ.

ಹೇಳಿದವರು ಇಬ್ಬರು. ಕತೆ ಆಮೇಲೆ ಸೇರಿದ್ದು ಎನ್ನುವ ಹಿರಿಯ ಪ್ರೊಫೆಸರ್ ಒಬ್ಬರು. ಕತೆ ತೀರಾ ಹಳೆಯದು, ಅಂಚಿನಲ್ಲಿ ಯಾವ ಗುರುತೂ ಇಲ್ಲ ಎನ್ನುವ ಸಂಶೋಧಕಿ ಮೇಡಂ ಇನ್ನೊಬ್ಬರು. ಒಬ್ಬರ ಲೇಖನಕ್ಕೆ ಇನ್ನೊಬ್ಬರು ಉತ್ತರ ಬರೆದು ಬರೆದು ಇಬ್ಬರ ತಲೆಯೂ ನೆರೆತಿದೆ. ಅವರು ಒಪ್ಪಿಕೊಂಡಿರುವ ಮಾತು ಒಂದೇ: ಬಟ್ಟೆ ಕೀಳಬೇಕು. ಹೊಸ ಕ್ಯಾಮೆರಾ ಬಂದಿದೆ, ಸಮ್ಮೇಳನ ಹತ್ತಿರದಲ್ಲಿದೆ.

ಗೋಂದಕ್ಕ ಒಂದು ಮೂಲೆಯನ್ನು ಎಬ್ಬಿಸಿ ನೋಡಿದರು. ಬಟ್ಟೆಯ ಜೊತೆ ಶಾಯಿಯ ಚೂರೂ ಎದ್ದು ಬಂತು. ಅಲ್ಲಿಗೆ ಕೈ ತೆಗೆದರು. ಬಟ್ಟೆ ಬರುವುದಾದರೆ ಅದರ ಕೆಳಗಿರುವುದನ್ನು ಹೊತ್ತುಕೊಂಡೇ ಬರುತ್ತದೆ ಎಂದು ಇಬ್ಬರನ್ನೂ ಕರೆದು ತೋರಿಸಿದರು.

"ಚೂರು ಶಾಯಿ ಹೋದ್ರೂ ಫೋಟೋ ಉಳಿಯುತ್ತಲ್ಲ," ಎಂದರು ಮೇಡಂ.

ಪ್ರೊಫೆಸರ್ ಸಮಾಧಾನದ ದನಿಯಲ್ಲಿ ವಿವರಿಸಿದರು: "ನೋಡಮ್ಮ, ಅಲ್ಲಿ ಗುರುತು ಸಿಕ್ಕಿದ್ರೆ, ಈ ಕತೆ ಆಮೇಲೆ ಬಂದಿದ್ದು ಅಂತ ಆ ಕಾಲಕ್ಕೇ ಗೊತ್ತಿತ್ತು ಅಂತಾಗುತ್ತೆ."

"ಆಮೇಲೆ ಬಂದ್ರೆ ಏನೀಗ ಸಾರ್? ನಾನೂ ನಮ್ಮನೆಗೆ ಆಮೇಲೆ ಬಂದೋಳೇ. ಸೊಸೆ. ಮೂವತ್ತು ವರ್ಷ ಅಡುಗೆ ಮಾಡಿ ಹಾಕಿದೀನಿ. ಇವಳು ಮೊದಲಿಂದ ಇದ್ಲಾ ಅಂತ ಗೋಡೆ ಕೆರೆದು ನೋಡ್ತೀರಾ?"

"ನಾವು ಯಾರನ್ನೂ ಆಚೆ ಹಾಕ್ತಿಲ್ಲಮ್ಮ. ನಿಜ ಏನು ಅಂತ ತಿಳ್ಕೋತಿದೀವಿ."

"ತಿಳ್ಕೊಳ್ಳಿ, ಬೇಡ ಅಂದೋರ್ಯಾರು? ಸುಲಿದು ತಿಳ್ಕೋಬೇಡಿ ಅಂದೆ."

ಗೋಂದಕ್ಕನ ಮನೆ ಗ್ರಂಥಾಲಯದಿಂದ ಎರಡು ಬಸ್ಸು ಬದಲಿಸುವಷ್ಟು ದೂರ. ಎರಡು ಕೋಣೆ, ಗಂಡ, ಗಂಡನ ತಾಯಿ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಕಡಿಮೆ. ಅತ್ತೆಗೆ ಕಣ್ಣು ಮಂಜು, ನಾಲಿಗೆ ಚುರುಕು. ದಿನಾ ಸಂಜೆ ಸೊಸೆ ಆ ಹಾಳೆಯ ಸುದ್ದಿ ಹೇಳಬೇಕು, ಅತ್ತೆ ಊಂಗುಟ್ಟುತ್ತಾ ಕೇಳಬೇಕು. ಒಂದು ದಿನ ಅತ್ತೆ ತಡೆದರು.

"ಅಲ್ವೇ, ಆ ಹೆಂಗಸನ್ನ ಎಳ್ಕೊಂಡು ಬಂದ್ರು ಅಂದೆ. ಅವಳ ಜೊತೆ ಇದ್ದ ಗಂಡಸು ಎಲ್ಲಿ ಹೋದ?"

"ಅದು ಯಾವ ಪ್ರತೀಲೂ ಇಲ್ಲ ಅತ್ತೆ."

"ಯಾವುದರಲ್ಲೂ?"

"ಯಾವುದರಲ್ಲೂ ಇಲ್ಲ."

"ಮತ್ತೆ ಆ ಮೇಷ್ಟ್ರುಗಳಿಗೆ ಅವನನ್ನ ಹುಡುಕೋಕೆ ಹೇಳು. ಇದ್ದವಳನ್ನ ಯಾಕೆ ಕೆದಕ್ತಾರೆ?"

ಮೂಲೆಯಲ್ಲಿ ತಟ್ಟೆಗೆ ಕೈ ಹಾಕಿದ್ದ ಗಂಡ ಆ ರಾತ್ರಿ ಒಂದೇ ಮಾತಾಡಿದರಂತೆ: "ತುಕ್ಕು ಹಿಡಿದ ನಟ್ಟು ಜೋರು ಮಾಡಿ ತಿರುಗಿಸಿದ್ರೆ ಬೋಲ್ಟೇ ಮುರಿಯುತ್ತೆ. ನಾನಾಗಿದ್ರೂ ಮುಟ್ತಿರಲಿಲ್ಲ."

ಗೋಂದಕ್ಕ ಹಟ ಬಿಡದಿದ್ದಾಗ ಮುಖ್ಯಸ್ಥರು ಆ ವಿದ್ವಾಂಸರಿಬ್ಬರನ್ನೂ ಅವರ ಮೇಜಿನ ಬಳಿಗೇ ಕರೆತಂದರು. ಕಿಟಕಿಯಿಲ್ಲದ ಕೋಣೆ, ಬಿಳಿ ದೀಪ, ಮೇಜಿನ ನಡುವೆ ಆ ಹಾಳೆ. ಮುಖ್ಯಸ್ಥರು ಹೊಗಳಿ ನೋಡಿದರು, ಗದರಿ ನೋಡಿದರು. ಕೊನೆಗೆ, "ನಿಮ್ಮ ಕೈಲಾಗಲ್ಲ ಅಂದ್ರೆ ಹೇಳಿ, ಬೇರೆಯವರನ್ನ ಕರೆಸ್ತೀವಿ," ಎಂದರು.

ಗೋಂದಕ್ಕನಿಗೆ ಎಲ್ಲಿತ್ತೋ ಸಿಟ್ಟು. ರೇಷ್ಮೆ ಎಬ್ಬಿಸುವ ಮೊಂಡು ಚಾಕುವನ್ನು ಮೇಜಿನ ಮೇಲಿಟ್ಟು ಅವರ ಕಡೆ ತಳ್ಳಿದರು.

"ಬೇರೆಯವರು ಯಾಕೆ? ಬೇಕಾಗಿರೋದು ನಿಮಗೆ. ನೀವೇ ಕಿತ್ಕೊಳ್ಳಿ."

ಯಾರೂ ಮುಟ್ಟುವುದಿಲ್ಲ ಎಂದುಕೊಂಡಿದ್ದರು. ಪ್ರೊಫೆಸರ್ ಕನ್ನಡಕ ಒರೆಸುತ್ತಾ ಒಂದು ಹೆಜ್ಜೆ ಹಿಂದೆ ಸರಿದರು. ಮುಖ್ಯಸ್ಥರು ಫೋನು ನೋಡಿಕೊಂಡರು. ಆದರೆ ಮೇಡಂ ಮುಂದೆ ಬಂದು ಚಾಕು ಎತ್ತಿಕೊಂಡರು. ಬಗ್ಗಿದರು. ತುದಿ ರೇಷ್ಮೆಯ ಅಡಿ ಹೋಗುವಷ್ಟರಲ್ಲಿ ಗೋಂದಕ್ಕ ಅವರ ಮಣಿಕಟ್ಟು ಹಿಡಿದರು.

"ನನ್ನ ಲೆಕ್ಕ ತಪ್ಪಿತು. ಓದಿದ ಹೆಂಗಸು, ಆ ಕತೆ ಬಾಯಿಪಾಠ, ಕೈ ಎತ್ತಲ್ಲ ಅಂದ್ಕೊಂಡಿದ್ದೆ. ಎತ್ತಿದ್ರು. ಅದಕ್ಕೇ ಹಿಡಿದೆ. ಗಟ್ಟಿಯಾಗೇ ಹಿಡಿದೆ," ಎಂದು ಈಗ ಹೇಳುತ್ತಾರೆ.

ಮೇಡಂ ಕೂಗಲಿಲ್ಲ. ಚಾಕು ಕೆಳಗಿಟ್ಟು, ಕೆಂಪಾದ ಮಣಿಕಟ್ಟು ನೋಡಿಕೊಂಡು, ದೂರು ಕೊಡುತ್ತೇನೆ ಎಂದು ಹೊರಟುಹೋದರು. ಕೊಟ್ಟರು ಕೂಡ. ಮುಖ್ಯಸ್ಥರು ಎರಡು ದಾರಿ ತೋರಿಸಿದರು: ಕ್ಷಮೆ ಕೇಳಿ ರೇಷ್ಮೆ ಕೀಳುವುದು, ಇಲ್ಲವೇ ಈ ತಿಂಗಳ ಕೊನೆಗೆ ಕೆಲಸ ಬಿಡುವುದು. ಗೋಂದಕ್ಕ ಕ್ಷಮೆ ಕೇಳಿದರು, ರೇಷ್ಮೆ ಮುಟ್ಟಲಿಲ್ಲ.

"ನೋವಾಗಿದ್ದಕ್ಕೆ ಕ್ಷಮೆ ಕೇಳಿದೀನಿ. ಹಿಡಿದಿದ್ದು ತಪ್ಪು ಅಂತ ಮಾತ್ರ ಒಪ್ಪಿಲ್ಲ. ಒಪ್ಕೊಳ್ಳಿ ಅಂತ ಇನ್ನೂ ಕೇಳ್ತಾನೇ ಇದಾರೆ."

ಈ ಪ್ರತಿಯ ಮೇಲೆ ಬಂದ ಲೇಖನಗಳು ಗ್ರಂಥಾಲಯದ ಮೂರು ಕಪಾಟು ತುಂಬಿವೆ. ಕೃತಜ್ಞತೆಯ ಪುಟಗಳಲ್ಲಿ ಕ್ಯಾಮೆರಾ ಕೊಟ್ಟ ಸಂಸ್ಥೆಯಿದೆ, ಊಟ ಹಾಕಿದ ಗೆಳೆಯರಿದ್ದಾರೆ, ಒಬ್ಬರ ಸಾಕುಬೆಕ್ಕೂ ಇದೆ. ಹಸ್ತಪ್ರತಿಯ ಪುಟಗಳನ್ನು ವರ್ಷಗಟ್ಟಲೆ ತಿರುವಿ ಕೊಟ್ಟ ಕೈ ಎಲ್ಲೂ ಇಲ್ಲ. ಗೋಂದಕ್ಕನಿಗೆ ಅದರ ಬಗ್ಗೆ ದೂರಿಲ್ಲ, ನೋಡಿಯೂ ಇಲ್ಲವಂತೆ. ಸಿಟ್ಟು ಬರಬೇಕಾದದ್ದು ಓದುವವರಿಗೆ.

ತಿಂಗಳು ಮುಗಿಯುತ್ತಾ ಬಂದಿದೆ. ಅವರ ಜಾಗಕ್ಕೆ ಹೊಸಬರು ಬರುತ್ತಾರೆ. ಅವರ ಮುಂದೆಯೂ ಇದೇ ಹಾಳೆ ಇಡುತ್ತಾರೆ, ಇದೇ ಮಾತು ಹೇಳುತ್ತಾರೆ. ಬಟ್ಟೆಯ ಕೆಳಗೆ ಗುರುತಿದೆಯೋ ಇಲ್ಲವೋ ಗೋಂದಕ್ಕನಿಗೂ ಗೊತ್ತಿಲ್ಲ. ಹಾಳೆಯನ್ನು ಮುಟ್ಟದೆಯೇ ನೋಡುವ ಉಪಾಯ ಮುಂದೊಂದು ದಿನ ಯಾರಿಗಾದರೂ ಹೊಳೆಯಬಹುದು ಎಂಬುದಷ್ಟೇ ಅವರ ವಾದ. ಅಲ್ಲಿಯವರೆಗೆ ಆ ಹಾಳೆ ಉಳಿಯಬೇಕು.

ಬರುವವರಿಗೆ ಏನು ಕಲಿಸಿ ಹೋಗುತ್ತೀರಿ ಎಂದು ಕೇಳಿದರೆ, ಬಿಸಿ ಅಂಟನ್ನು ಜರಡಿಗೆ ಸುರಿಯುತ್ತಾ ಉತ್ತರಿಸುತ್ತಾರೆ:

"ಅಂಟು ಕಾಯಿಸೋದು, ಸೋಸೋದು, ತೇಪೆ ಹಾಕೋದು, ಎಲ್ಲಾ ಒಂದು ವಾರದಲ್ಲಿ ತೋರಿಸಿಕೊಡಬಹುದು. ಉಳಿದಿದ್ದು ಮಾಡ್ತಾ ಮಾಡ್ತಾ ಕೈಗೆ ಬರುತ್ತೆ. ಆದ್ರೆ ಬರೋರು ಯಾರೇ ಆಗ್ಲಿ, ಹಾಳೆ ಸುಲಿ ಅಂದ್ರೆ ಅವರಿಗೆ ಸಿಟ್ಟು ಬರಬೇಕು. ಅದೊಂದನ್ನ ಅವರು ಮನೆಯಿಂದಲೇ ತರಬೇಕು."